ಸಾಲ್ಮೊನೆಲ್ಲಾದ ಸಕ್ಕರೆ ಏಣಿ: ಜೆಲ್ ಹಾಕೋದು, ಓದೋದು ಹೇಗೆ

ಟೈಫಾಯ್ಡ್ ಅನುಮಾನ ಬಂದರೆ ವಿಡಾಲ್ ಟೆಸ್ಟ್ ಬರೆದುಕೊಡ್ತಾರಲ್ಲ, ಅದರ ರಿಪೋರ್ಟಿನಲ್ಲಿ ‘ಓ’ ಅಂತ ಒಂದು ಸಾಲು, ‘ಎಚ್’ ಅಂತ ಇನ್ನೊಂದು ಸಾಲು ಇರುತ್ತದೆ. ‘ಎಚ್’ ಬ್ಯಾಕ್ಟೀರಿಯಾದ ಬಾಲದ್ದು. ‘ಓ’ ಅದರ ಮೈಮೇಲಿನ ಸಕ್ಕರೆ ಸರದ್ದು. ಎಷ್ಟೋ ವರ್ಷ ಆ ಟೆಸ್ಟ್ ಮಾಡಿದೆ, ರಿಪೋರ್ಟಿಗೆ ಸಹಿ ಹಾಕಿದೆ. ಆ ಸರವನ್ನು ಕಣ್ಣಿಂದ ನೋಡಿದ್ದು ಮಾತ್ರ ಎಂಎಸ್ಸಿ ಮಕ್ಕಳಿಗೆ ಪ್ರಾಕ್ಟಿಕಲ್ ಹೇಳಿಕೊಡೋಕೆ ಬಂದ ಮೇಲೆ.

ಜೆಲ್ ಅಂದರೆ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸೋ ಹಾಳೆ, ಚಿಕ್ಕವು ಕೆಳಗೆ ಓಡುತ್ತವೆ, ದೊಡ್ಡವು ಮೇಲೇ ಉಳಿಯುತ್ತವೆ. ಅದಕ್ಕೆ ಕೈ ಹಾಕೋ ಮೊದಲು ನೋಟ್‌ಬುಕ್ಕಿನಲ್ಲಿ ಎಲ್‌ಪಿಎಸ್‌ನ, ಅಂದರೆ ಆ ಸರ ಹೊತ್ತ ಲಿಪೊಪಾಲಿಸ್ಯಾಕರೈಡ್ ಅಣುವಿನ, ಚಿತ್ರ ಬರೆಯಿರಿ. ಕೆಳಗಿಂದ ಮೇಲಕ್ಕೆ ಬರೆಯಬೇಕು. ಬುಡದಲ್ಲಿ ಲಿಪಿಡ್ ಎ: ಎರಡು ಗ್ಲೂಕೋಸಮೈನ್, ಅವಕ್ಕೆ ಅಂಟಿದ ಫಾಸ್ಫೇಟ್, ಸಾಮಾನ್ಯವಾಗಿ ಆರು ಕೊಬ್ಬಿನ ಎಳೆ. ಎಳೆಗಳು ಹೊರಪೊರೆಯೊಳಗೆ ಹೂತಿರುತ್ತವೆ. ಜ್ವರ ಬರಿಸೋ ಭಾಗ ಇದೇ. ಅದರ ಮೇಲೆ ಕೆಡಿಓ, ಹೆಪ್ಟೋಸ್ ಮುಂತಾದ ಸಕ್ಕರೆಗಳ ಕೋರ್. ಅದರ ಮೇಲೆ ಓ ಸರ. ಟೈಫಿಮ್ಯೂರಿಯಮ್ ಅನ್ನೋ ಸಾಲ್ಮೊನೆಲ್ಲಾ ಬಗೆಯಲ್ಲಿ ಮ್ಯಾನೋಸ್, ರಾಮ್ನೋಸ್, ಗ್ಯಾಲಕ್ಟೋಸ್ ಮೂರೂ ಸೇರಿ ಒಂದು ಗಂಟು. ಮ್ಯಾನೋಸ್‌ನ ಪಕ್ಕಕ್ಕೆ ಅಬೆಕ್ವೋಸ್ ಅನ್ನೋ ಸಕ್ಕರೆ ಜೋತುಬಿದ್ದಿರುತ್ತದೆ. ಅದೇ ಗಂಟು ಮತ್ತೆ ಮತ್ತೆ, ಹೂ ಕಟ್ಟಿದ ಹಾಗೆ. ಟೈಫಾಯ್ಡ್ ತರೋ ಟೈಫಿಯಲ್ಲಿ ಅಬೆಕ್ವೋಸ್ ಜಾಗಕ್ಕೆ ಟೈವೆಲೋಸ್ ಬರುತ್ತದೆ. ಆ ಒಂದು ಸಕ್ಕರೆಯ ವ್ಯತ್ಯಾಸಕ್ಕೇ ಟೈಫಿಮ್ಯೂರಿಯಮ್‌ಗೆ ಓ4, ಟೈಫಿಗೆ ಓ9 ಅಂತ ಬೇರೆ ಬೇರೆ ನಂಬರ್. ಬೆನ್ನೆಲುಬು ಎರಡರಲ್ಲೂ ಒಂದೇ. ವಿಡಾಲ್ ಕೆಲವು ಸಲ ದಾರಿ ತಪ್ಪಿಸೋದಕ್ಕೆ ಅದೂ ಒಂದು ಕಾರಣ.

ಈಗ ಸ್ಯಾಂಪಲ್. ಜೀವಂತ ಸಾಲ್ಮೊನೆಲ್ಲಾ ಬೆಳೆಸೋ ಗೋಜೇ ಬೇಡ, ಟೈಫಿಮ್ಯೂರಿಯಮ್‌ನ ಶುದ್ಧ ಎಲ್‌ಪಿಎಸ್ ಪುಡಿ ಬಾಟಲಿಯಲ್ಲಿ ಸಿಗುತ್ತದೆ. ತೂಗುವಾಗ ಮಾಸ್ಕ್ ಹಾಕಿಕೊಳ್ಳಿ, ಜ್ವರ ಬರಿಸೋಕೆ ಆ ಪುಡಿಗೆ ಬ್ಯಾಕ್ಟೀರಿಯಾ ಬೇಕಾಗಿಲ್ಲ. ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ಇರೋ ಬಫರ್‌ನಲ್ಲಿ ಕುದಿಸಿ, ಜೆಲ್‌ನ ಒಂದು ಲೇನ್‌ಗೆ, ಅಂದರೆ ಒಂದು ಸ್ಯಾಂಪಲ್ ಓಡೋ ಸಾಲಿಗೆ, ಎರಡು ಮೈಕ್ರೋಗ್ರಾಂ ಸಾಕು. ಪಕ್ಕದ ಲೇನ್‌ಗೆ ಲ್ಯಾಬಿನ ಸಾಧು ಪ್ರಾಣಿ, ಇ. ಕೋಲಿ ಕೆ-12. ಇದರ ಇಡೀ ಕೋಶಗಳನ್ನೇ 100 ಡಿಗ್ರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಪ್ರೋಟೀನ್ ಕತ್ತರಿಸೋ ಎಂಜೈಮ್ ಪ್ರೋಟೀನೇಸ್ ಕೆ ಹಾಕಿ 60 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ‘ಆರಿಸಿ’ ಅನ್ನೋದನ್ನು ಎರಡು ಸಲ ಓದಿಕೊಳ್ಳಿ. ನಾನು ಅವಸರಕ್ಕೆ ಬಿಸಿ ಟ್ಯೂಬಿಗೇ ಎಂಜೈಮ್ ಸುರಿದಿದ್ದೆ. ಅದು ಅಲ್ಲೇ ಸತ್ತಿತು. ಮಾರನೇ ದಿನ ನೋಡಿದರೆ ಲೇನ್ ತುಂಬ ಪ್ರೋಟೀನ್ ಪಟ್ಟಿಗಳು.

ಜೆಲ್ 14 ಪರ್ಸೆಂಟ್ ಇರಲಿ, ಓಡಿಸೋದು ಎಂದಿನ ಹಾಗೇ. ಪ್ರೋಟೀನ್ ಜೆಲ್‌ಗೆ ಹಾಕೋ ಕೂಮಾಸಿ ಬಣ್ಣ ಹಾಕಿ ಕಾಯಬೇಡಿ, ಎಲ್‌ಪಿಎಸ್‌ಗೆ ಅದು ಹತ್ತೋಲ್ಲ. ಬೆಳ್ಳಿಯೇ ಬೇಕು. 40 ಪರ್ಸೆಂಟ್ ಎಥನಾಲ್, 5 ಪರ್ಸೆಂಟ್ ಅಸಿಟಿಕ್ ಆಸಿಡ್‌ನಲ್ಲಿ ಜೆಲ್ಲನ್ನು ರಾತ್ರಿಯಿಡೀ ನೆನೆಸಿಡಿ. ಬೆಳಗ್ಗೆ ಅದೇ ದ್ರಾವಣಕ್ಕೆ 0.7 ಪರ್ಸೆಂಟ್ ಪೀರಿಯಾಡಿಕ್ ಆಸಿಡ್ ಸೇರಿಸಿ ಐದು ನಿಮಿಷ. ಅದು ಸಕ್ಕರೆಯ ಉಂಗುರಗಳನ್ನು ಕತ್ತರಿಸಿ ಆಲ್ಡಿಹೈಡ್ ಮಾಡುತ್ತದೆ, ಬೆಳ್ಳಿ ಕೂರೋದು ಅಲ್ಲೇ. ಆಮೇಲೆ ಹದಿನೈದು ನಿಮಿಷದಂತೆ ಮೂರು ಸಲ ತೊಳೆಯಿರಿ. ಡಿಸ್ಟಿಲ್ಡ್ ನೀರೇ ಆಗಬೇಕು. ಒಂದು ಸಲ ಟ್ರೇಯನ್ನು ಸುಮ್ನೆ ಬೋರ್‌ವೆಲ್ ನೀರಲ್ಲಿ ಜಾಲಿಸಿದ್ದೆ. ಸಿಲ್ವರ್ ನೈಟ್ರೇಟ್ ಸುರಿದ ಕೂಡಲೇ ಹಾಲು ಒಡೆದ ಹಾಗೆ ಬೆಳ್ಳಗಾಯಿತು. ನೀರಿನ ಕ್ಲೋರೈಡ್ ಕೆಲಸ.

0.1 ಪರ್ಸೆಂಟ್ ಸಿಲ್ವರ್ ನೈಟ್ರೇಟ್‌ನಲ್ಲಿ ಅರ್ಧ ಗಂಟೆ. ಕೆಲವರು ಇದಕ್ಕೆ ಅಮೋನಿಯಾ ಸೇರಿಸುತ್ತಾರೆ. ಆ ದ್ರಾವಣ ಒಣಗಿದರೆ ಸಿಡಿಯಬಹುದು, ಮಕ್ಕಳಿರೋ ಲ್ಯಾಬಿಗೆ ನಾನದನ್ನು ತರೋಲ್ಲ. ಬೆಳ್ಳಿ ಚೆಲ್ಲಿ, ಚುಟುಕಾಗಿ ತೊಳೆದು, ತಣ್ಣಗಿನ 3 ಪರ್ಸೆಂಟ್ ಸೋಡಿಯಂ ಕಾರ್ಬೊನೇಟ್‌ಗೆ ಚೂರು ಫಾರ್ಮಾಲಿನ್ ಹಾಕಿ ಸುರಿಯಿರಿ. ಈಗ ಫೋನ್ ಮುಟ್ಟಬೇಡಿ. ಸ್ವಲ್ಪ ಹೊತ್ತು ಏನೂ ಕಾಣೋಲ್ಲ. ಆಮೇಲೆ ಬುಡದಲ್ಲಿ ಒಂದು ಕಂದು ಗೆರೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಟ್ರೇ ಅಲ್ಲಾಡಿಸುತ್ತಿದ್ದ ಹಾಗೇ ಏಣಿ ಮೂಡುತ್ತದೆ. ಹಿನ್ನೆಲೆ ಚಹಾ ಬಣ್ಣಕ್ಕೆ ತಿರುಗೋ ಮುಂಚೆ ಅಸಿಟಿಕ್ ಆಸಿಡ್ ಸುರಿದು ನಿಲ್ಲಿಸಿ. ಇನ್ನರ್ಧ ನಿಮಿಷ ನೋಡೋಣ ಅಂತ ಆಸೆ ಆಗುತ್ತದೆ, ನನ್ನ ಜೆಲ್‌ಗಳು ಜಾಸ್ತಿ ಹಾಳಾಗಿದ್ದೇ ಆ ಅರ್ಧ ನಿಮಿಷದಲ್ಲಿ.

ಓದೋದೂ ಕೆಳಗಿಂದಲೇ. ತೀರಾ ಬುಡದ ಗೆರೆ ಲಿಪಿಡ್ ಎ ಮತ್ತು ಕೋರ್ ಮಾತ್ರ. ಅದರ ಮೇಲಿನದಕ್ಕೆ ಒಂದು ಗಂಟು, ಅದರ ಮೇಲಿನದಕ್ಕೆ ಎರಡು. ಹತ್ತು ಹನ್ನೆರಡರವರೆಗೆ ಎಣಿಸಬಹುದು, ಆಮೇಲೆ ಮೆಟ್ಟಿಲು ಒತ್ತೊತ್ತಾಗಿ ಬಿಡುತ್ತದೆ. ಮೇಲೆ ಒಂದು ಕಡೆ ಮೋಡದ ಹಾಗೆ ದಟ್ಟವಾಗಿ ಕಂಡರೆ ಅದು ಕೊಳೆಯಲ್ಲ. ಟೈಫಿಮ್ಯೂರಿಯಮ್ 16ರಿಂದ 35 ಗಂಟಿನ ಸರಗಳನ್ನೇ ಹೆಚ್ಚು ಕಟ್ಟುತ್ತದೆ.

ಕೆ-12 ಲೇನ್‌ನಲ್ಲಿ ಬುಡದ ಗೆರೆ ಬಿಟ್ಟರೆ ಬೇರೇನೂ ಇರೋಲ್ಲ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು “ಮೇಡಂ, ನಂದು ಓಡಿಲ್ಲ” ಅಂತ ಬರುತ್ತಾರೆ. ಓಡಿದೆ. ಸರ ಕಟ್ಟೋ ಜೀನ್‌ನ ಮಧ್ಯೆ ಬೇರೆ ಡಿಎನ್‌ಎ ತುಂಡೊಂದು ಬಂದು ಕೂತಿರೋದರಿಂದ ಕೆ-12ಗೆ ಓ ಸರವೇ ಇಲ್ಲ. ಇಂಥದ್ದಕ್ಕೆ ‘ರಫ್’ ಅನ್ನುತ್ತಾರೆ. ಆದರೆ ಏಣಿ ಇಲ್ಲ ಅಂದಮಾತ್ರಕ್ಕೆ ಸಾಧು ಅನ್ನೋ ಹಾಗಿಲ್ಲ. 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡ ಕಾಲರಾ ರೋಗಾಣು ಹಳೆಯ ಓ1 ಸೀರಮ್‌ಗೆ (ಓ1 ಸರವನ್ನು ಗುರುತಿಸೋ ಪ್ರತಿಕಾಯಗಳಿರೋ ದ್ರವಕ್ಕೆ) ಹೆಪ್ಪುಗಟ್ಟಲೇ ಇಲ್ಲ, ಅದರ ಸಕ್ಕರೆಯೇ ಬೇರೆಯಾಗಿತ್ತು. ಓ139 ಅಂತ ಹೊಸ ನಂಬರ್ ಕೊಡಬೇಕಾಯಿತು. ಅದರ ಎಲ್‌ಪಿಎಸ್‌ನಲ್ಲೂ ಸರ ಮೋಟು, ಉದ್ದನೆಯ ಏಣಿ ಮೂಡೋಲ್ಲ.