ಸ್ಕ್ಯಾನ್ ಕ್ಲೀನ್ ಇದ್ದರೂ ದಿನಕ್ಕೊಂದು ಮಾತ್ರೆ

ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ಹೋಗಿತ್ತು. ತೆಗೆದ ಭಾಗದ ಅಂಚಿನಲ್ಲೂ ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂತು. ನನ್ನದು ಎರಡನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಕೀಮೋನೂ ಮುಗಿಯಿತು. ಅದಾದ ಮೇಲೆ ಡಾಕ್ಟರು 'ಮೂರು ವರ್ಷ ಮಾತ್ರೆ' ಅಂದಾಗ ಸಿಟ್ಟೇ ಬಂತು. ಕಾಯಿಲೆ ಕಾಣುತ್ತಿಲ್ಲ, ಮತ್ತೆ ಔಷಧಿ ಯಾಕೆ?

ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣ ಕ್ಯಾನ್ಸರ್ ಕೋಶಗಳು ಉಳಿದಿರಬಹುದು, ಅವೇ ಮುಂದೆ ಮಿದುಳಿಗೋ ಮೂಳೆಗೋ ಹೋಗಿ ಬೆಳೆಯಬಹುದು ಅಂತ ವಿವರಿಸಿದರು. ತೆಗೆದ ಗಡ್ಡೆಯನ್ನು ಜೀನ್ ಟೆಸ್ಟ್‌ಗೆ ಕಳಿಸಿದ್ದರು. ನನ್ನದರಲ್ಲಿ ಇಜಿಎಫ್‌ಆರ್ ಅನ್ನುವ ಜೀನ್‌ನ ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನ್‌ನ ಒಂದು ಸಣ್ಣ ತುಣುಕು ಬಿಟ್ಟುಹೋದ ಬದಲಾವಣೆ, ಸಿಕ್ಕಿತ್ತು. ಅದಕ್ಕೇ ಒಸಿಮರ್ಟಿನಿಬ್ ಅನ್ನುವ ಮಾತ್ರೆ, ದಿನಕ್ಕೆ 80 ಮಿಲಿಗ್ರಾಂ. ಎಎಲ್‌ಕೆ ಅನ್ನುವ ಇನ್ನೊಂದು ಜೀನ್‌ನಲ್ಲಿ ಬದಲಾವಣೆ ಇದ್ದಿದ್ದರೆ ಅಲೆಕ್ಟಿನಿಬ್ ಅನ್ನುವ ಬೇರೆ ಮಾತ್ರೆ, ಎರಡು ವರ್ಷ. ಎರಡೂ ಇಲ್ಲದವರಿಗೆ ಈ ಮಾತ್ರೆಗಳಿಂದ ಪ್ರಯೋಜನವಿಲ್ಲ. ಹಾಗಾಗಿ ಟೆಸ್ಟ್ ಮಾಡಿಸದೆ ಈ ಮಾತು ಶುರುವೇ ಆಗುವುದಿಲ್ಲ.

ನನ್ನನ್ನು ಒಪ್ಪಿಸಿದ್ದು ಅಡೌರಾ ಅನ್ನುವ ಪ್ರಯೋಗದ ಲೆಕ್ಕ. ನನ್ನಂಥವರಲ್ಲಿ ಕೆಲವರಿಗೆ ಒಸಿಮರ್ಟಿನಿಬ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟು ನೋಡಿದ್ದರು. ಐದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 88, ಎರಡನೆಯದರಲ್ಲಿ ಶೇ. 78. ಅಂದರೆ ಮಾತ್ರೆ ಇಲ್ಲದೆಯೂ ಹೆಚ್ಚಿನವರು ಬದುಕಿದ್ದರು, ಅಲ್ವಾ? ಆ ಮಾತೂ ನಿಜ. ಆದರೆ ನೂರಕ್ಕೆ ಹತ್ತು ಜನ ನನಗೆ ಸಣ್ಣ ಸಂಖ್ಯೆ ಅನ್ನಿಸಲಿಲ್ಲ.

ನುಂಗುವುದು ಸುಲಭ. ಊಟಕ್ಕೆ ಮುಂಚೆಯೋ ನಂತರವೋ, ಯಾವಾಗಾದರೂ ಸರಿ. ಒಂದು ದಿನ ತಪ್ಪಿದರೆ ಮರುದಿನ ಎರಡು ತಗೋಬಾರದು, ಅಷ್ಟೇ. ತೊಂದರೆ ಶುರುವಾಗಿದ್ದು ಚರ್ಮದಿಂದ. ಮೈಯೆಲ್ಲ ಒಣಗಿತು, ಮುಖದಲ್ಲಿ ಗುಳ್ಳೆ, ಆಮೇಲೆ ಉಗುರಿನ ಸುತ್ತ ಊತ. ಶರ್ಟಿನ ಗುಂಡಿ ಹಾಕುವುದೂ ನೋವು. ಇದು ಸಣ್ಣ ವಿಷಯ ಅಂತ ಬೇರೆಯವರಿಗೆ ಅನ್ನಿಸುತ್ತದೆ, ದಿನವಿಡೀ ಬೆರಳು ಬಳಸುವವರಿಗೆ ಅಲ್ಲ. ಉಗುರನ್ನು ನೇರವಾಗಿ, ತೀರಾ ಗಿಡ್ಡವಾಗದಂತೆ ಕತ್ತರಿಸುವುದು, ಪಾತ್ರೆ ತೊಳೆಯಲು ಗ್ಲೌಸ್, ಸ್ನಾನವಾದ ತಕ್ಷಣ ವಾಸನೆಯಿಲ್ಲದ ಕ್ರೀಮ್. ಇಷ್ಟರಿಂದ ಬಹಳ ತಗ್ಗಿತು. ಭೇದಿಗೆ ಲೋಪೆರಮೈಡ್ ಮನೆಯಲ್ಲೇ ಇಟ್ಟುಕೊಂಡೆ.

ಮಾತ್ರೆ ಹೃದಯಕ್ಕೆ ತೊಂದರೆ ಕೊಡುತ್ತಿದೆಯಾ ಅಂತ ನೋಡಲು ಇಸಿಜಿ, ಎಕೋ ಮಾಡುತ್ತಾರೆ. ಬೇರೆ ಯಾವ ಔಷಧಿ ಬರೆದುಕೊಟ್ಟರೂ ಮೊದಲು ಕ್ಯಾನ್ಸರ್ ಡಾಕ್ಟರಿಗೆ ತೋರಿಸುತ್ತೇನೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಈ ಮಾತ್ರೆಯ ಬಲವನ್ನು ತುಂಬಾ ಇಳಿಸುತ್ತದೆ. ಇನ್ನು ಹೊಸದಾಗಿ ಕೆಮ್ಮು, ಜ್ವರ, ಏದುಸಿರು ಬಂದರೆ ಸುಮ್ನೆ ನೆಗಡಿ ಅಂದುಕೊಂಡು ಕಾಯುವುದಿಲ್ಲ. ಅಪರೂಪಕ್ಕೆ ಈ ಔಷಧಿಯೇ ಶ್ವಾಸಕೋಶದಲ್ಲಿ ಉರಿಯೂತ ತರುತ್ತದೆ. ಅಂಥ ಲಕ್ಷಣ ಕಂಡ ದಿನವೇ ಫೋನ್ ಮಾಡುತ್ತೇನೆ, ಮುಂದಿನ ಮಾತ್ರೆ ನುಂಗಬೇಕೋ ಬೇಡವೋ ಅಂತ ಕೇಳಿಕೊಳ್ಳುತ್ತೇನೆ.