ಜಾಲಿ ಮರದ ಬಟ್ಟಲಿಗೆ ಬೆಳ್ಳಿಯ ತಂತಿ ಕೂರಿಸುವುದು: ನನ್ನ ಅನುಭವ

ಬೀದರಿನಲ್ಲಿ ಬೆಳ್ಳಿ ಕೂರಿಸುವ ಕೆಲಸವೆಂದರೆ ಬಿದ್ರಿಯೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಗೆರೆ ಕೊರೆದು, ಅದರಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರವೆಂಬ ಲವಣ ಸೇರಿಸಿ ಉಜ್ಜಿ ಕಪ್ಪು ಬರಿಸುವ ಆ ಕೆಲಸವನ್ನು ಹತ್ತಿರದಿಂದ ನೋಡಿಯೇ ನಾನು ಲೇತಿನ ಮೇಲೆ ಕಡೆದ ಮರದ ಬಟ್ಟಲಿಗೂ ತಂತಿ ಕೂರಿಸತೊಡಗಿದೆ. ಆದರೆ ಬಿದ್ರಿಯ ರೀತಿಯನ್ನು ಮರಕ್ಕೆ ಹಾಗೆಯೇ ತರಲು ಬರುವುದಿಲ್ಲ. ಮರವು ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ನಮ್ಮ ಕಡೆಯ ಏಪ್ರಿಲ್‌-ಮೇ ಬಿಸಿಲಿಗೆ ಕುಗ್ಗುತ್ತದೆ. ಅದೂ ನಾರಿನ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ಬೆಳ್ಳಿ ಹಾಗೆ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಚಿತ್ತಾರ ಬರೆಯುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಾನು ಬಳಸುವುದು ಹೊಲದ ಬದುವಿನ ಜಾಲಿ. ಮಾವು ಕಡೆಯಲು ಸುಲಭವಾದರೂ ಸಣ್ಣ ಗೆರೆಯ ಅಂಚು ಅದರಲ್ಲಿ ಕಿತ್ತು ಬರುತ್ತದೆ, ಜಾಲಿಯಲ್ಲಿ ನಿಲ್ಲುತ್ತದೆ. ಹಸಿ ಮರವನ್ನು ಮೊದಲು ದಪ್ಪವಾಗಿ ಕಡೆಯುತ್ತೇನೆ, 150 ಮಿ.ಮೀ. ಅಗಲದ ಬಟ್ಟಲಿಗೆ ಸುಮಾರು 15 ಮಿ.ಮೀ. ಗೋಡೆ ಬಿಡುತ್ತೇನೆ. ನಾರಿನ ತುದಿ ಕಾಣುವ ಎರಡು ಬದಿಗೆ ಮೇಣ ಸವರಿ, ಕಡೆಯುವಾಗ ಉದುರಿದ ಹೆರಕಲಿನೊಂದಿಗೆ ಗೋಣಿಚೀಲಕ್ಕೆ ಹಾಕಿ ನೆರಳಿನಲ್ಲಿಡುತ್ತೇನೆ. ಆಗಾಗ ತಕ್ಕಡಿಗಿಟ್ಟು ನೋಡಿ, ತೂಕ ಇಳಿಯುವುದು ನಿಂತ ಮೇಲೆಯೇ ಮತ್ತೆ ಲೇತಿಗೆ ಏರಿಸುವುದು. ಅಷ್ಟರಲ್ಲಿ ಬಟ್ಟಲಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆ ಸೊಟ್ಟವನ್ನು ತೆಗೆದು 8 ಮಿ.ಮೀ.ಗೆ ಇಳಿಸುತ್ತೇನೆ.

ಬಾಯಿಯ ಸುತ್ತ ಒಂದೇ ಬಳೆಯಂತೆ ಬೆಳ್ಳಿ ಬೇಕೆಂದು ಗಿರಾಕಿಗಳು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೇ ಒಣಗಿದ ಬಟ್ಟಲೂ ಋತುವಿಗೆ ತಕ್ಕಂತೆ ತುಸು ಆಕಾರ ಬದಲಿಸುತ್ತದೆ. ನಾರಿಗೆ ಅಡ್ಡಲಾಗಿ ಹೋದ ಉದ್ದ ತಂತಿಯ ಕೆಳಗಿನ ಮರ ಕುಗ್ಗಿದಾಗ ತಂತಿಗೆ ಜಾಗ ಸಾಲದೆ ಅದು ಬಾಗಿ ಮೇಲೇಳುತ್ತದೆ. ಆದ್ದರಿಂದ ಉದ್ದದ ಗೆರೆಗಳನ್ನು ನಾರಿನ ಜೊತೆಗೇ ಓಡಿಸಿ, ಅಡ್ಡ ಬರುವ ಕಡೆ ಚಿತ್ತಾರದ ಬಳ್ಳಿಯನ್ನು ಚಿಕ್ಕ ಚಿಕ್ಕ ಎಲೆಗಳಾಗಿ ತುಂಡರಿಸುತ್ತೇನೆ. ನನ್ನ ಕಣ್ಣಿಗೆ ತುಂಡು ಬಳ್ಳಿಯೇ ಹೆಚ್ಚು ಚೆಂದ.

ತಂತಿ ಕೂರಿಸುವುದೇ ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗ. ಪತ್ತಾರರಿಂದ ಅಪ್ಪಟ ಬೆಳ್ಳಿಯ ತಂತಿ ತಂದು, ಕಾಯಿಸಿ ಮೆದು ಮಾಡಿ, ಬಡಿದು ಸುಮಾರು ಕಾಲು ಮಿ.ಮೀ. ದಪ್ಪ, ಒಂದು ಮಿ.ಮೀ. ಎತ್ತರದ ಪಟ್ಟಿ ಮಾಡಿಕೊಳ್ಳುತ್ತೇನೆ. ಪಟ್ಟಿಯ ಎರಡೂ ಮುಖವನ್ನು ಸಣ್ಣ ಅರದಿಂದ ಗೀರಿ ಒರಟು ಮಾಡಿ, ಕೆಳಗಿನ ಅಂಚನ್ನು ತೆಳುವಾಗಿಸುತ್ತೇನೆ. ಬಟ್ಟಲನ್ನು ಉಸುಕು ತುಂಬಿದ ಚೀಲದ ಮೇಲೆ ಕೂರಿಸಿ, ಹಳೆಯ ಹ್ಯಾಕ್ಸಾ ಬ್ಲೇಡು ಮಸೆದು ಮಾಡಿಕೊಂಡ ಅಲಗಿನಿಂದ ಗೆರೆಯ ಮೇಲೆ ಚುಚ್ಚುತ್ತ ಸಾಗುತ್ತೇನೆ. ಇಲ್ಲಿ ಮರವನ್ನು ಕೆತ್ತಿ ತೆಗೆಯುವುದಿಲ್ಲ, ನಾರನ್ನು ಎರಡು ಬದಿಗೆ ಸರಿಸುವುದಷ್ಟೇ. ಸೀಳಿನಲ್ಲಿ ಪಟ್ಟಿಯನ್ನು ನಿಲ್ಲಿಸಿ, ಕೂದಲೆಳೆಯಷ್ಟು ಮೇಲೆ ಉಳಿಯುವಂತೆ ಹಗುರ ಸುತ್ತಿಗೆಯಿಂದ ತಟ್ಟಿ, ಬಿಸಿನೀರಿನಲ್ಲಿ ಅದ್ದಿದ ಅರಳೆಯನ್ನು ಗೆರೆಯ ಮೇಲೆ ಒತ್ತುತ್ತೇನೆ. ಒತ್ತಿಹೋಗಿದ್ದ ನಾರು ನೀರು ಕುಡಿದು ಉಬ್ಬಿ ಬೆಳ್ಳಿಯ ಒರಟು ಮೈಯನ್ನು ಹಿಡಿದುಕೊಳ್ಳುತ್ತದೆ. ಅಂಟು ಬೇಕಿಲ್ಲ, ತೆಳು ಅಂಟು ಮರದೊಳಗೆ ಹರಿದು ಗೆರೆಯ ಸುತ್ತ ಕಲೆ ಉಳಿಸುತ್ತದೆ.

ಚೆನ್ನಾಗಿ ಒಣಗಿದ ಮೇಲೆ ಇಡೀ ಬಟ್ಟಲಿಗೆ ಅರಗಿನ ಪಾಲಿಶ್ ತೆಳುವಾಗಿ ಹಚ್ಚಿ, ಅನಂತರವೇ ಅರ ಹಾಕಿ ಬೆಳ್ಳಿಯನ್ನು ಮರದ ಮಟ್ಟಕ್ಕೆ ತರಬೇಕು. ಮೊದಲೇ ಅರ ಹಾಕಿದರೆ ಬೆಳ್ಳಿಯ ಪುಡಿ ಮರದ ರಂಧ್ರಗಳನ್ನು ಹೊಕ್ಕು, ಹೊರಪದರದ ತಿಳಿ ಬಣ್ಣವನ್ನು ಬೂದಿಯಾಗಿಸುತ್ತದೆ. ಸ್ಟೀಲ್ ವೂಲ್ ಮುಟ್ಟಲೇಬಾರದು: ಜಾಲಿಯಲ್ಲಿ ಒಗರು ಹೆಚ್ಚು, ಕಬ್ಬಿಣದ ಒಂದು ಕಣಕ್ಕೆ ತೇವ ಸೇರಿದರೂ ಕಪ್ಪು ಚುಕ್ಕೆ ಏಳುತ್ತದೆ. ಕೊನೆಗೆ ಮೇಲಿನ ಪಾಲಿಶ್ ಪದರವನ್ನು ಸ್ಯಾಂಡ್‌ಪೇಪರಿನಿಂದ ತೆಗೆದು, ಅಗಸೆ ಎಣ್ಣೆಯನ್ನು ಎರಡು ಮೂರು ಬಾರಿ ತೆಳುವಾಗಿ ಉಜ್ಜುತ್ತೇನೆ. ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರವಿ ಒಣಗಿಸಬೇಕು, ಏಕೆಂದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು.

ಒಣದ್ರಾಕ್ಷಿ, ಬಾದಾಮಿ ಇಡಲು ಇಂಥ ಬಟ್ಟಲು ಸರಿ, ಸಾರಿಗೆ ಸಲ್ಲದು. ಬೆಳ್ಳಿ ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತೊಳೆಯದೆ, ನುಣುಪಾದ ಸೀಮೆಸುಣ್ಣದ ಪುಡಿಯನ್ನು ಒಣ ಅರಿವೆಗೆ ತೆಗೆದುಕೊಂಡು ಗೆರೆಯ ಗುಂಟ ಒರೆಸಬೇಕೆಂದು ಕೊಳ್ಳುವವರಿಗೆ ಹೇಳಿಯೇ ಕೊಡುತ್ತೇನೆ.