ಶಾಲೆಯ ಕೆಲಸ ಬಿಡದೆ ಓದುವುದು ಹೇಗೆ?

ಆಯಾ, ಅಡುಗೆಯವರು, ಆಫೀಸ್ ಅಟೆಂಡೆಂಟ್, ಬಸ್ಸಿನ ಸಹಾಯಕಿ: ಗಡಿನಾಡಿನ ಶಾಲಾ ಸಿಬ್ಬಂದಿಗೊಂದು ದಾರಿ

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಯಾವ ಕನ್ನಡ ಶಾಲೆಗೆ ಬೇಕಾದರೂ ಜೂನ್ ಮೊದಲ ವಾರ ಹೋಗಿ ನೋಡಿ. ಎಲ್‌ಕೆಜಿ ಬಾಗಿಲಲ್ಲಿ ಅಳುವ ಮಗುವನ್ನು ಎತ್ತಿಕೊಂಡಿರುವುದು ಹೆಚ್ಚಾಗಿ ಆಯಾ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಇವುಗಳಲ್ಲಿ ಯಾವುದನ್ನು ಆಡುವ ಮಗು ಎಂದು ಮೊದಲು ಗೊತ್ತಾಗುವುದೂ ಅವರಿಗೇ. ಆದರೆ ಎಲ್ಲಾದರೂ ಹುದ್ದೆಗೆ ಅರ್ಜಿ ಕರೆದಾಗ ಇದೆಲ್ಲ ಗೊತ್ತು ಎಂದು ತೋರಿಸಲು ಅವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಆ ಕಾಗದವನ್ನು ಕೆಲಸದಲ್ಲಿ ಇದ್ದುಕೊಂಡೇ, ಕೆಲಸವನ್ನೇ ಪಾಠ ಮಾಡಿಕೊಂಡು ಗಳಿಸುವುದು ಹೇಗೆಂಬುದು ಇಲ್ಲಿದೆ.

ಈ ವಿಷಯ ಈಗೇಕೆ ಎಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪುಟ್ಟ ಮಕ್ಕಳ ಶಿಕ್ಷಣಕ್ಕೆ ತರಬೇತಿ ಪಡೆದವರೇ ಬೇಕು ಎನ್ನುತ್ತದೆ. ಅಂಗನವಾಡಿಯವರಿಗೆ ಪ್ಲಸ್ ಟು ಆಗಿದ್ದರೆ 6 ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದ್ದರೆ 1 ವರ್ಷದ ಡಿಪ್ಲೊಮಾ ಎಂದು ಅದರಲ್ಲಿ ಬರೆದಿದೆ. ಅದು ಯಾವಾಗ, ಹೇಗೆ ಜಾರಿಗೆ ಬಂದೀತು ಎಂದು ಕಾದು ಕೂರುವುದಕ್ಕಿಂತ ಈಗ ಇರುವ ದಾರಿಯಲ್ಲಿ ನಡೆಯುವುದು ಒಳ್ಳೆಯದು.

ಮೊದಲು ನಿಮ್ಮ ಮೆಟ್ಟಿಲು ಯಾವುದು ನೋಡಿ

ಹತ್ತನೇ ತರಗತಿ ಆಗಿಲ್ಲವೇ? ಡಿಪ್ಲೊಮಾ ಮಾತು ಬದಿಗಿಡಿ. ಕೇರಳ ರಾಜ್ಯ ಸಾಕ್ಷರತಾ ಮಿಷನ್‌ನ ಹತ್ತನೇ ತರಗತಿ ತತ್ಸಮಾನ ಪರೀಕ್ಷೆ ನಿಮಗಾಗಿಯೇ ಇದೆ. ಏಳನೇ ತರಗತಿ ಪಾಸಾಗಿ 17 ವರ್ಷ ತುಂಬಿದ್ದರೆ ಸೇರಬಹುದು. ಕಾಸರಗೋಡಿನಲ್ಲಿ ಇದನ್ನು ಕನ್ನಡದಲ್ಲೇ ಓದಿ ಬರೆಯಬಹುದು. ಇದು ಗೊತ್ತಿಲ್ಲದೆ "ಮಲಯಾಳದಲ್ಲಿ ನನ್ನಿಂದಾಗದು" ಎಂದು ಹಿಂದೆ ಸರಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ತರಗತಿಗಳು ಭಾನುವಾರ ಮತ್ತು ರಜಾದಿನಗಳಲ್ಲಿ ನಡೆಯುವುದರಿಂದ ಕೆಲಸಕ್ಕೆ ಅಡ್ಡಿಯಾಗದು. ಪಂಚಾಯತಿನಲ್ಲಿ ಸಾಕ್ಷರತಾ ಮಿಷನ್‌ನ ಪ್ರೇರಕ್ (ಮಿಷನ್‌ನ ಸ್ಥಳೀಯ ಕಾರ್ಯಕರ್ತರು) ಯಾರು ಎಂದು ಕೇಳಿ, ಅರ್ಜಿಯ ದಾರಿ ಅವರು ತೋರಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶುಲ್ಕ ವಿನಾಯಿತಿ ಇದೆ, ಕೇಳದೆ ಇರಬೇಡಿ.

ಹತ್ತು ಆಗಿ ಪ್ಲಸ್ ಟು ಇಲ್ಲದವರಿಗೆ ಅದೇ ಮಿಷನ್‌ನ ಹೈಯರ್ ಸೆಕೆಂಡರಿ ತತ್ಸಮಾನ ಕೋರ್ಸ್ ಇದೆ. 22 ವರ್ಷ ತುಂಬಿರಬೇಕು, ಎರಡು ವರ್ಷದ ಓದು, ಹ್ಯುಮ್ಯಾನಿಟೀಸ್ ಅಥವಾ ಕಾಮರ್ಸ್. ನಿಮ್ಮ ಕೇಂದ್ರದಲ್ಲಿ ಕನ್ನಡದಲ್ಲಿ ಪಾಠ ಇದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.

ಹೆಸರು ಸರಿ ಇದೆಯೇ?

ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ನಮ್ಮ ಕಡೆ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರು, ರೇಷನ್ ಕಾರ್ಡಿನಲ್ಲಿ ಅದನ್ನೇ ಮಲಯಾಳದವರು ಬರೆದ ಹೆಸರು, ಆಧಾರಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ಮದುವೆಯಾದ ಮೇಲೆ ಗಂಡನ ಮನೆಯ ಇನಿಶಿಯಲ್ ಬೇರೆ. ಓದಿಗೆ ಸಂಬಂಧಪಟ್ಟ ಎಲ್ಲದಕ್ಕೂ ಎಸ್‌ಎಸ್‌ಎಲ್‌ಸಿ ಪುಸ್ತಕದ ಹೆಸರೇ ಆಧಾರ ಎಂದಿಟ್ಟುಕೊಂಡು ಆಧಾರನ್ನು ಅದಕ್ಕೆ ಹೊಂದಿಸಿ. ತಿದ್ದುಪಡಿಗೆ ಅಕ್ಷಯ ಕೇಂದ್ರಕ್ಕೆ (ಸರಕಾರಿ ಸೇವೆಗಳ ಆನ್‌ಲೈನ್ ಕೇಂದ್ರ) ಹೋಗಬೇಕಾದರೆ ಪ್ರವೇಶದ ಗಡುವಿನ ವಾರ ಹೋಗಬೇಡಿ, ಎರಡು ತಿಂಗಳು ಮೊದಲೇ ಹೋಗಿ.

ಯಾವ ಕೋರ್ಸು, ಅದರಿಂದ ಏನಾಗದು

ಪ್ಲಸ್ ಟು ಆದವರಿಗೆ, ಶಾಲೆಯ ಕೆಲಸಕ್ಕೆ ಹತ್ತಿರವಾಗಿ, ಮನೆಯಲ್ಲಿದ್ದೇ ಓದಬಹುದಾದದ್ದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಡಿಇಸಿಇ, ಅಂದರೆ ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ. ಜನವರಿ, ಜುಲೈ ಹೀಗೆ ವರ್ಷಕ್ಕೆರಡು ಸಲ ಪ್ರವೇಶ. ಕಾಸರಗೋಡು ಜಿಲ್ಲೆ ಇಗ್ನೋದ ವಡಗರ ಪ್ರಾದೇಶಿಕ ಕೇಂದ್ರಕ್ಕೆ ಸೇರುತ್ತದೆ. ಅರ್ಜಿ ಆನ್‌ಲೈನ್. ಅಭ್ಯಾಸ ಕೇಂದ್ರ ಆರಿಸುವಾಗ ಭೂಪಟ ನೋಡಬೇಡಿ, ರೈಲಿನ ಸಮಯ ನೋಡಿ.

ಓದಬೇಕಾದ್ದು ನಾಲ್ಕು: ಮಕ್ಕಳ ಆರೈಕೆಯ ವ್ಯವಸ್ಥೆ ನಡೆಸುವುದು, ಮಗುವಿನ ಆರೋಗ್ಯ ಮತ್ತು ಪೋಷಣೆ, ಮಕ್ಕಳಿಗಾಗಿ ಇರುವ ಸೇವೆಗಳು ಮತ್ತು ಯೋಜನೆಗಳು, ಕೊನೆಯದು ಪ್ರಾಜೆಕ್ಟ್. ಎರಡನೆಯದನ್ನು ಬಿಸಿಯೂಟದ ಅಡುಗೆಯವರು ಓದುವಾಗ ಅರ್ಧ ಪಾಠ ಅವರ ಪಾತ್ರೆಯಲ್ಲೇ ಇರುತ್ತದೆ. ವಾರಕ್ಕೆರಡು ದಿನ ಹಾಲು, ಒಂದು ದಿನ ಮೊಟ್ಟೆ ಏಕೆ ಕೊಡುತ್ತಾರೆ, ಸಾಂಬಾರಿಗೆ ಬೇಳೆ ಕಡಿಮೆ ಬಿದ್ದರೆ ಮಗುವಿಗೆ ಏನು ಕಡಿಮೆಯಾಗುತ್ತದೆ ಎಂಬುದು ದಿನವೂ ಕಣ್ಣೆದುರಿಗಿರುವ ವಿಷಯ.

ಈಗ ಯಾರೂ ಹೇಳದ ಮಾತು. ಈ ಡಿಪ್ಲೊಮಾ ಮಾಡಿದರೆ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರ್ ಆಗಲು ಆಗುವುದಿಲ್ಲ. ಅದಕ್ಕೆ ಎರಡು ವರ್ಷದ ಡಿಎಲ್‌ಎಡ್ (ಪ್ರಾಥಮಿಕ ಶಿಕ್ಷಕರ ತರಬೇತಿ) ಮತ್ತು ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು, ಡಿಎಲ್‌ಎಡ್ ಅನ್ನು ದಿನವೂ ತರಗತಿಯಲ್ಲಿ ಕೂತೇ ಓದಬೇಕು. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪ್ರಿ-ಪ್ರೈಮರಿ ಹುದ್ದೆಗೆ ಅರ್ಜಿ ಕರೆದಾಗ ಯಾವ ತರಬೇತಿಗೆ ಮಾನ್ಯತೆ ಎಂದು ಅಧಿಸೂಚನೆಯಲ್ಲೇ ಹೇಳಿರುತ್ತಾರೆ. ಹಳೆಯ ಅಧಿಸೂಚನೆಯೊಂದನ್ನು ತೆಗೆದು ಓದಿ, ಆಮೇಲೆ ಕೋರ್ಸು ಆರಿಸಿ. ಪೇಟೆಯ ಎರಡನೇ ಮಹಡಿಯಲ್ಲಿ ಫ್ಲೆಕ್ಸ್ ಹಾಕಿ "ನೂರಕ್ಕೆ ನೂರು ಕೆಲಸ" ಎನ್ನುವ ತರಬೇತಿ ಕೇಂದ್ರಗಳಿಗೆ ಈ ಒಂದು ಪ್ರಶ್ನೆ ಸಾಕು: "ನಿಮ್ಮ ಸರ್ಟಿಫಿಕೇಟನ್ನು ಪಿಎಸ್‌ಸಿ ಒಪ್ಪುವ ಆದೇಶದ ಪ್ರತಿ ಕೊಡಿ." ಕೊಟ್ಟರೆ ಸೇರಿ. "ಅದೆಲ್ಲ ಆಗುತ್ತದೆ ಚೇಚಿ" ಎಂದರೆ ಮೆಟ್ಟಿಲಿಳಿದು ಬನ್ನಿ.

ಬಡ್ಸ್ ಶಾಲೆಗಳಲ್ಲಿ, ಅಂದರೆ ವಿಶೇಷ ಮಕ್ಕಳ ಶಾಲೆಗಳಲ್ಲಿ, ದುಡಿಯುವವರ ಲೆಕ್ಕ ಬೇರೆ. ಎಣ್ಮಕಜೆ, ಮುಳಿಯಾರು, ಬೆಳ್ಳೂರು, ಕುಂಬಡಾಜೆಯಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಪಂಚಾಯತುಗಳಲ್ಲಿ ವಿಶೇಷ ಮಕ್ಕಳೊಂದಿಗೆ ವರ್ಷಗಟ್ಟಲೆ ಪಳಗಿದ ಸಹಾಯಕಿಯರಿದ್ದಾರೆ. ಆದರೆ ವಿಶೇಷ ಶಿಕ್ಷಕಿ ಎನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸೇ ಆಗಬೇಕು, ಅದರ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. 1992ರ ಕಾಯ್ದೆಯ ಪ್ರಕಾರ ಇದಕ್ಕೆ ಅಡ್ಡದಾರಿ ಇಲ್ಲ.

ಶಾಲೆಯಲ್ಲಿ ಬಾಯಿಬಿಟ್ಟು ಹೇಳಿ

ಗುಟ್ಟಾಗಿ ಓದಿ ಪಾಸಾದ ಮೇಲೆ ಹೇಳೋಣ ಎಂಬ ಸಂಕೋಚ ನಮ್ಮವರಲ್ಲಿ ಜಾಸ್ತಿ. ಪ್ರಾಜೆಕ್ಟಿಗೆ ಮಕ್ಕಳೊಂದಿಗೆ ಕೂರಲೇಬೇಕು, ಹಾಗಾಗಿ ಗುಟ್ಟು ನಡೆಯದು. ಹೆಡ್‌ಮಾಸ್ಟ್ರಿಗೆ ಅರ್ಧ ಪುಟದ ಕಾಗದ ಕೊಡಿ: ಇಂಥ ಕೋರ್ಸಿಗೆ ಸೇರುತ್ತಿದ್ದೇನೆ, ವಾರಕ್ಕೊಮ್ಮೆ ಅರ್ಧ ಗಂಟೆ ಎಲ್‌ಕೆಜಿ ತರಗತಿಯಲ್ಲಿ ಕೂತು ಗಮನಿಸಲು ಅನುಮತಿ ಬೇಕು, ಪರೀಕ್ಷೆಯ ದಿನ ರಜೆ ಬೇಕು. ಸರಕಾರಿ ಇಲ್ಲವೇ ಅನುದಾನಿತ ಶಾಲೆಯ ಖಾಯಂ ನೌಕರರಾದರೆ ಇಲಾಖೆಯ ಲಿಖಿತ ಅನುಮತಿ ಬೇಕೇ ಎಂದು ಅವರನ್ನೇ ಕೇಳಿ. ಪಿಟಿಎ ಗೌರವಧನದ ಮೇಲೆ ಇರುವವರು ಪಿಟಿಎ ಅಧ್ಯಕ್ಷರ ಕಿವಿಗೂ ಹಾಕಿ. ತರಗತಿಯ ಟೀಚರಲ್ಲಿ ಒಬ್ಬರನ್ನು "ನಾನು ಬರೆದದ್ದು ಓದಿ ಹೇಳ್ತೀರಾ ಟೀಚರ್?" ಎಂದು ಒಪ್ಪಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಗಂಟೆಯ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಈ ಡಿಪ್ಲೊಮಾ ಒಟ್ಟು 32 ಕ್ರೆಡಿಟ್, ಅಂದರೆ 960 ಗಂಟೆ. ಒಂದೇ ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ 18 ಗಂಟೆಗೂ ಹೆಚ್ಚು ಬೇಕು. ಬೆಳಿಗ್ಗೆ ಮನೆಯ ಅಡುಗೆ, ಹಗಲು ಶಾಲೆ, ಸಂಜೆ ದನ, ರಾತ್ರಿ ಬೀಡಿ ಕಟ್ಟುವ ಕೆಲಸ ಇರುವ ಹೆಂಗಸಿಗೆ ಇದು ಆಗದ ಮಾತು. ಕನಿಷ್ಠ ಅವಧಿ ಒಂದು ವರ್ಷವಾದರೂ ಹೆಚ್ಚಿನ ಕಾಲ ಕೊಡುತ್ತಾರೆ. ಎರಡು ವರ್ಷ ಎಂದಿಟ್ಟುಕೊಂಡರೆ ವಾರಕ್ಕೆ 9 ಗಂಟೆ ಚಿಲ್ಲರೆ. ದಿನಕ್ಕೊಂದು ಗಂಟೆ, ಭಾನುವಾರ ಮೂರು. ಇದು ಆಗುವ ಲೆಕ್ಕ.

ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಎಂದರೆ ಶಾಲೆ ಬಾಗಿಲು ತೆರೆಯುವ ತಿಂಗಳು, ಮಳೆ, ಪ್ರವೇಶೋತ್ಸವ, ಹೊಸ ಮಕ್ಕಳ ಅಳು. ಆ ತಿಂಗಳು ರಜೆ ಕೇಳಿದರೆ ಯಾರ ಮುಖವೂ ಅರಳದು. ದೊಡ್ಡ ವಿಷಯಗಳನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ. ಓಣಂ ರಜೆಯಲ್ಲಿ ಅಸೈನ್‌ಮೆಂಟ್ ಬರೆದು ಮುಗಿಸಿ, ಏಕೆಂದರೆ ಆಮೇಲೆ ಕಲೋತ್ಸವ ಶುರುವಾದರೆ ಶಾಲೆಯಲ್ಲಿ ಆಯಾನ ಹೆಸರು ಕೂಗದ ಗಂಟೆಯೇ ಇರುವುದಿಲ್ಲ.

ನೋಡಿದ್ದನ್ನು ಬರೆಯುವುದು

ಇಡೀ ಓದಿನ ಜೀವ ಇಲ್ಲಿದೆ. ಮಕ್ಕಳನ್ನು ನೋಡುವುದು ನಿಮಗೆ ಹೊಸದಲ್ಲ, ಬರೆಯುವುದು ಹೊಸದು. ಹೆಚ್ಚಿನವರ ಮೊದಲ ಟಿಪ್ಪಣಿ ಹೀಗಿರುತ್ತದೆ: "ಈ ಮಗು ತುಂಬ ಹಠ. ಒಳಗೆ ಬರಲು ಕೇಳುವುದಿಲ್ಲ." ಇದು ನೋಡಿದ್ದಲ್ಲ, ತೀರ್ಪು. ಅದೇ ಬೆಳಗನ್ನು ಹೀಗೆ ಬರೆಯಬಹುದು:

"ಬುಧವಾರ, 9.50. ತರಗತಿಯ ಹೊರಗಿನ ಜಗಲಿ. ಮಳೆ ಬರುತ್ತಿತ್ತು. ಮಗು ಎಡಗಾಲಿನ ಚಪ್ಪಲಿ ತಾನೇ ಬಿಟ್ಟಿತು. ಬರಿಗಾಲನ್ನು ನೆಲಕ್ಕೆ ತಾಗಿಸಿ ಕೂಡಲೇ ಎತ್ತಿತು. ಬಲ ಚಪ್ಪಲಿ ಬಿಡಲಿಲ್ಲ. ಟೀಚರ್ ಎರಡು ಸಲ ಕರೆದರು. ಮಗು ಬಾಗಿಲ ದಾರಂದ ಹಿಡಿದು ನಿಂತಿತು, ಅಳಲಿಲ್ಲ. ನಾನು ಗೋಣಿಚೀಲ ಹಾಸಿದೆ. ಮಗು ಅದರ ಮೇಲೆ ಕಾಲಿಟ್ಟು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋಯಿತು."

ಎರಡನೆಯದರಲ್ಲಿ ಹಠ ಎಂಬ ಮಾತೇ ಇಲ್ಲ. ಒದ್ದೆ ಸಿಮೆಂಟು ನೆಲದ ತಂಪು ಇದೆ, ಮಗು ತಾನೇ ಹುಡುಕಿದ ಆಸರೆ ಇದೆ, ನೀವು ಮಾಡಿದ ಕೆಲಸ ಇದೆ, ಅದರ ಫಲ ಇದೆ. ಕೆಳಗೆ ಒಂದು ಗೆರೆ ಎಳೆದು "ನನಗೆ ಅನಿಸಿದ್ದು" ಎಂದು ಬೇರೆಯೇ ಬರೆಯಿರಿ: ತಣ್ಣನೆಯ ನೆಲ ಆಗದೇ ಇರಬಹುದೇ? ಬಿಸಿಲಿನ ದಿನ ಇದೇ ಮಗು ಹೇಗೆ ಬರುತ್ತದೆ ನೋಡಬೇಕು. ನೋಡಿದ್ದು ಮೇಲೆ, ಅನಿಸಿದ್ದು ಕೆಳಗೆ. ಈ ಗೆರೆ ಎಳೆಯಲು ಕಲಿತವರಿಗೆ ಪ್ರಾಜೆಕ್ಟ್ ತಾನಾಗಿ ಬರೆಸಿಕೊಳ್ಳುತ್ತದೆ. ಸಮಯ ಹಾಕಿ, ಜಾಗ ಹಾಕಿ, ಮಗು ಆಡಿದ ಮಾತು ತುಳುವಾದರೆ ತುಳುವಿನಲ್ಲೇ ಬರೆಯಿರಿ. ಏಪ್ರನ್ ಕಿಸೆಯಲ್ಲಿ ಚಿಕ್ಕ ಪುಸ್ತಕ ಇರಲಿ. ಸಂಜೆ ನೆನಪಿಸಿಕೊಂಡು ಬರೆದದ್ದರಲ್ಲಿ ಗೋಣಿಚೀಲ ಬಿಟ್ಟುಹೋಗುತ್ತದೆ.

ಮಗುವಿನ ಹೆಸರು ಬರೆಯಬೇಡಿ, ಮನೆ ಹೆಸರೂ ಬೇಡ. ಅ, ಆ ಎಂದು ಗುರುತು ಹಾಕಿದರೆ ಸಾಕು. ಫೋಟೋ ಬೇಕಾದರೆ ಹೆತ್ತವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಇಲ್ಲವಾದರೆ ಮಗು ಮಾಡಿದ ಚಿತ್ರದ ಫೋಟೋ ತೆಗೆಯಿರಿ. ಹೊರಗಿನವರು ಬಂದು ಮಕ್ಕಳ ಫೋಟೋ ತೆಗೆದುಕೊಂಡು ಹೋದದ್ದನ್ನು ನಮ್ಮ ಜಿಲ್ಲೆಯ ತಾಯಂದಿರು ಸಾಕಷ್ಟು ನೋಡಿದ್ದಾರೆ.

ಇಂಗ್ಲಿಷ್ ಪುಸ್ತಕದ ಭಯ

ಇಂಗ್ಲಿಷ್ ಮಾಧ್ಯಮ ಆರಿಸಿಕೊಂಡರೆ ದಪ್ಪ ಪುಸ್ತಕಗಳು ಬರುತ್ತವೆ. ಇಗ್ನೋದ ಇ-ಜ್ಞಾನಕೋಶ ಜಾಲತಾಣದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ, ಸೇರುವ ಮೊದಲೇ ಎರಡು ಪಾಠ ತೆರೆದು ನೋಡಿ. ಒಂದು ಪುಟದಲ್ಲಿ ಹತ್ತು ಪದ ಗೊತ್ತಾಗದಿದ್ದರೂ ಚಿಂತೆ ಇಲ್ಲ, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಫೈನ್ ಮೋಟರ್ ಸ್ಕಿಲ್ (ಬೆರಳುಗಳ ಸೂಕ್ಷ್ಮ ಚಲನೆಯ ಕೌಶಲ) ಎಂದು ಓದಿ ಹೆದರಬೇಕಿಲ್ಲ, ಬೀಡಿ ಕಟ್ಟಿದ ಬೆರಳಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಟಿಪ್ಪಣಿ ಮೊದಲು ಕನ್ನಡದಲ್ಲಿ ಬರೆದು, ನೀವು ಒಪ್ಪಿಸಿಕೊಂಡ ಟೀಚರ ಜೊತೆ ಕೂತು ಸರಳ ಇಂಗ್ಲಿಷಿಗೆ ತನ್ನಿ. ಉದ್ದ ವಾಕ್ಯ ಬೇಡ.

ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70 ಶೇಕಡಾ ತೂಕ. ಇಂಟರ್ನೆಟ್ಟಿನಲ್ಲಿ ಸಿದ್ಧ ಉತ್ತರಗಳನ್ನು ಮಾರುವವರಿದ್ದಾರೆ. ಅವುಗಳಲ್ಲಿ ಯಾವುದೋ ಊರಿನ ಮಗು ಹಿಮದಲ್ಲಿ ಆಡುತ್ತಿರುತ್ತದೆ. ನಿಮ್ಮ ಜಗಲಿಯ ಮಗುವನ್ನು ಬಿಟ್ಟು ಅದನ್ನು ನಕಲು ಮಾಡುವುದು ದುಡ್ಡು ಕೊಟ್ಟು ಪೆದ್ದರಾದಂತೆ. ಅಸೈನ್‌ಮೆಂಟ್ ಕೊಡುವಾಗ ಒಂದು ಜೆರಾಕ್ಸ್ ಮನೆಯಲ್ಲಿರಲಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಪಾಸಾದ ಮೇಲೆ

ಮೂಲ ಸರ್ಟಿಫಿಕೇಟ್ ಬರಲು ತಡವಾದರೆ ಅಂಕಪಟ್ಟಿಯನ್ನು ಆನ್‌ಲೈನಿನಿಂದ ತೆಗೆದಿಡಿ. ಪಿಎಸ್‌ಸಿಯ ಒನ್ ಟೈಮ್ ರಿಜಿಸ್ಟ್ರೇಶನ್ ಪ್ರೊಫೈಲಿನಲ್ಲಿ ಹೊಸ ಅರ್ಹತೆ ಸೇರಿಸಿ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಎಲ್‌ಡಿ ಕ್ಲಾರ್ಕ್‌ನಂಥ ಹುದ್ದೆಗಳಿಗೆ ಅರ್ಜಿ ಕರೆಯುವುದುಂಟು, ಹತ್ತು ಪಾಸಾದವರೂ ಅದರ ಮೇಲೆ ಕಣ್ಣಿಡಬಹುದು. ಗೌರವಧನ ಹೆಚ್ಚುವುದು ಸರಕಾರದ ಆದೇಶದಿಂದ, ನಿಮ್ಮ ಡಿಪ್ಲೊಮಾದಿಂದಲ್ಲ. ಹಾಗಾಗಿ ಮರುದಿನವೇ ಸಂಬಳದ ಮಾತೆತ್ತುವ ಬದಲು ಪ್ರಿ-ಪ್ರೈಮರಿಯ ಆಟದ ಮೂಲೆಯನ್ನೋ ಕಥೆಯ ಗಂಟೆಯನ್ನೋ ನಡೆಸಲು ಕೇಳಿ, ಅದನ್ನು ನಡೆಸಿದ ಬಗ್ಗೆ ಹೆಡ್‌ಮಾಸ್ಟ್ರ ಸಹಿಯ ಅನುಭವ ಪತ್ರ ವರ್ಷದ ಕೊನೆಗೆ ಪಡೆಯಿರಿ. ಮುಂದಿನ ಸಂದರ್ಶನಕ್ಕೆ ಡಿಪ್ಲೊಮಾದ ಜೊತೆ ಇದೂ ಫೈಲಿನಲ್ಲಿರಲಿ.